ಯಾರಿಗೂ ಬೇಡವಾದ ಒಂಬತ್ತು ಪಾಲು

ಬಾಲಕಿಯರ ಹಾಸ್ಟೆಲ್, ಶಿಕಾರಿಪುರ
9 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜನಿಗೆ,

ಸೊರಬದಲ್ಲಿ ನೀವು, ಅಮ್ಮ, ಅಪ್ಪ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡು, ಅಷ್ಟೇನೂ ಚೆನ್ನಾಗಿಲ್ಲದ ಧನ್ಯಾ ಮಾಡುವ ನಮಸ್ಕಾರ. ಕಾಯಿಲೆ ಏನಿಲ್ಲ. ಅಮ್ಮ ಗಾಬರಿಯಾಗಿ ವಾರ್ಡನ್ನಿಗೆ ಫೋನ್ ಮಾಡದ ಹಾಗೆ ನೋಡಿಕೊಳ್ಳಿ. ಸಿಟ್ಟು ಬಂದಿದೆ, ಅಷ್ಟೇ. ಯಾರ ಮೇಲೆ ತೀರಿಸಿಕೊಳ್ಳಬೇಕು ಅಂತ ಗೊತ್ತಾಗದ ಸಿಟ್ಟು. 

ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಅಮ್ಮ ನಡುವೆ ನಿಂತು ನನ್ನ ಹತ್ತು ಮಾತನ್ನು ಒಂದು ಮಾಡಿ ನಿಮ್ಮ ಕಿವಿಗೆ ಕೂಗುತ್ತಾಳೆ. ಕಳೆದ ಸಲ ನಾನು ಅಷ್ಟು ಹೊತ್ತು ವಿವರಿಸಿದ್ದನ್ನು ಅವಳು ದಾಟಿಸಿದ್ದು ಹೀಗೆ: "ಅಪ್ಪಾಜಿ, ಆ ಷೇರಿನ ವಿಷ್ಯನೇ ಮತ್ತೆ ಹೇಳ್ತಿದಾಳೆ, ನೀವು ಊಟಕ್ಕೆ ಏಳಿ." ಅದಕ್ಕೇ ಪತ್ರ. ಆರನೇ ಕ್ಲಾಸಿನಿಂದ ನನ್ನ ಹಾಸ್ಟೆಲ್ ಶಾಲೆಯಲ್ಲಿ ಭಾನುವಾರ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ಮೇಡಂ ಓದಿ ಸಹಿ ಹಾಕಿದ ಮೇಲೆಯೇ ಕವರ್ ಅಂಟಿಸಬೇಕಿತ್ತು. "ಇಲ್ಲಿ ಎಲ್ಲವೂ ಸೌಖ್ಯ, ಊಟ ರುಚಿಯಾಗಿದೆ" ಅನ್ನುವುದನ್ನು ಬಿಟ್ಟು ಬೇರೇನೂ ಬರೆಯುವ ಧೈರ್ಯ ಇರಲಿಲ್ಲ. ಈಗ ನಡುವೆ ಓದುವವರು ಯಾರೂ ಇಲ್ಲ. ಆದರೂ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ.

ವಿಷಯ ನಿಮಗೆ ಗೊತ್ತಿರುವುದೇ. ಕುಮುದ್ವತಿ ಸ್ಟಾರ್ಚ್ ಕಂಪನಿಯ ಮಾಲೀಕರು ನಮ್ಮಂಥವರ ಕೈಯಲ್ಲಿ ಉಳಿದಿರುವ ಷೇರುಗಳನ್ನು ಕೊಂಡುಕೊಳ್ಳಲು ಒಂದು ವರ್ಷದ ಗಡುವು ಕೊಟ್ಟಿದ್ದರು. ಅದು ಡಿಸೆಂಬರ್ ಎರಡನೇ ವಾರ ಮುಗಿಯುತ್ತದೆ. ಆಮೇಲೆ ಕೊಳ್ಳಲೇಬೇಕು ಅನ್ನುವ ಕಟ್ಟುಪಾಡು ಅವರಿಗಿಲ್ಲ. ಷೇರು ಮಾರುಕಟ್ಟೆಯಲ್ಲಂತೂ ಕಂಪನಿಯ ಹೆಸರೇ ಇಲ್ಲ, ಅಳಿಸಿ ಹಾಕಿಸಿಕೊಂಡು ಹೋದರು. ಅಂದರೆ ಬೇಸಿಕಲಿ, ಗಡುವು ದಾಟಿದರೆ ನಮ್ಮ ಹತ್ತಿರ ಇರುವುದು ಕೊಳ್ಳುವವರೇ ಇಲ್ಲದ ಕಾಗದ. ನೀವು "ನಾ ಮಾರಂಗಿಲ್ಲ" ಅಂದಿದ್ದೀರಿ. ಸರಿ, ನಿಮ್ಮ ಷೇರು, ನಿಮ್ಮಿಷ್ಟ. ಆದರೆ ನಿಮ್ಮ ಮಾತಿಗೆ ಕಟ್ಟುಬಿದ್ದವರು ಇದ್ದಾರೆ. ಈಸೂರಿನ ಮೂಕಮ್ಮ, ಕುಬಟೂರಿನ ಗೋಪಾಲಪ್ಪ ಮೇಷ್ಟ್ರು, ಹಮಾಲಿ ಮಾಡುತ್ತಿದ್ದ ಲೋಕಪ್ಪ, ಇನ್ನೂ ಏಳೆಂಟು ಮನೆ. ಅವರನ್ನು ಆ ಮಾತಿನಿಂದ ಬಿಡಿಸಿ ಅಂತ ಕೇಳಲು ಈ ಪತ್ರ.

ಆ ಮಾತು ತಗೊಂಡ ಕಥೆಯನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ. ಫ್ಯಾಕ್ಟರಿ ಇನ್ನೂ ಬರೀ ಬೇಲಿ ಹಾಕಿದ ಹೊಲವಾಗಿದ್ದಾಗ, ಊರಿನವರಿಗೂ ಷೇರು ಕೊಡುತ್ತಾರಂತೆ ಅಂತ ಸುದ್ದಿ ಬಂದಾಗ, ಎಲ್ಲರೂ ನಿಮ್ಮ ದಲಾಲಿ ಅಂಗಡಿಗೇ ಬಂದರು. ನಿಮಗೆ ಜೋಳ ತಂದು ಹಾಕುತ್ತಿದ್ದ ಜನ. ಷೇರು ಅಂದರೆ ಏನು ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಪೂರ್ತಿ ಗೊತ್ತಿರಲಿಲ್ಲ ಅನ್ನಿಸುತ್ತದೆ, ಬೇಜಾರಾಗಬೇಡಿ. ಬೆಲೆ ಕುದುರಿಸುವಾಗ ಸುತ್ತ ನಿಂತವರಿಗೆ ಕಾಣದಂತೆ ಟವೆಲ್ ಮುಚ್ಚಿ ಅದರ ಕೆಳಗೆ ಬೆರಳು ಹಿಡಿಯುತ್ತಿದ್ದಿರಲ್ಲ, ಹಾಗೆ ಒಬ್ಬೊಬ್ಬರ ಕೈಯನ್ನೂ ಟವೆಲ್ ಕೆಳಗೆ ಹಿಡಿದು ಮಾತು ತಗೊಂಡಿರಂತೆ. "ಮಾರಿದ್ರ ಎಲ್ಲಾರೂ ಕೂಡೇ ಮಾರೂದು. ಒಬ್ಬೊಬ್ರೇ ಹೋದ್ರ ಬೆಲೆ ಹೊಡೀತಾರ. ಒಂಟಿ ಮೂಟಿ ತಂದೋರ್ನ ನಾನೇ ಎಷ್ಟ್ ಕಡಿಮಿಗೆ ಹೊಡ್ದೀನಿ, ನನಗ ಗೊತ್ತಿಲ್ಲೇನು?" ಅದಕ್ಕೆ ಲೋಕಪ್ಪ, "ಹೊಡದಿದ್ದು ಒಪ್ಪಿಕೊಂಡ್ರಲ್ಲ ಸಾವ್ಕಾರ್ರು, ಅಷ್ಟೇ ಸಾಕು ತಗೋರಿ" ಅಂದು ಕೈ ಕೊಟ್ಟನಂತೆ.

ಮಂಡಿಯಲ್ಲಿ ನಿಮ್ಮ ಲೆಕ್ಕ ಸರಿಯೇ. ಅಲ್ಲಿ ಕೊಳ್ಳುವವನಿಗೆ ಮೂಟೆ ಬೇಕು. ಮೂಟೆ ತಡೆದು ನಿಲ್ಲಿಸಿದರೆ ಅವನೇ ಇಳಿದು ಬರುತ್ತಾನೆ. ನನ್ನ ಸಂಕಟ ಏನೆಂದರೆ, ಇಲ್ಲಿ ನಮ್ಮ ಮೂಟೆ ಅವರಿಗೆ ಬೇಕೇ ಇರಲಿಲ್ಲ. ಇದನ್ನು ನಿಮಗೆ ತಿಳಿಸಿ ಹೇಳುವುದು ಹೇಗೆ ಅಂತಲೇ ಇಷ್ಟು ದಿನ ಒದ್ದಾಡಿದ್ದು.

ದೊಡ್ಡ ಫಂಡ್‌ನವರು ಕಂಪನಿಗೆ ಬಂದ ವರ್ಷ ನಾನು ಎಂಟನೇ ಕ್ಲಾಸು. ರಜೆಗೆ ಮನೆಗೆ ಬಂದರೆ ನೀವು ಬೀದಿಗೆಲ್ಲ ಪೇಡ ಹಂಚುತ್ತಿದ್ದಿರಿ. ಎರಡು ಮ್ಯೂಚುವಲ್ ಫಂಡ್, ಒಂದು ವಿಮಾ ಕಂಪನಿ, ಮೂರೂ ಸೇರಿ ಅಷ್ಟು ದೊಡ್ಡ ಪಾಲು ಕೊಂಡಿದ್ದರು. "ದೊಡ್ಡೋರು ಕಾಲಿಟ್ಟಾರ. ಇನ್ ಮ್ಯಾಲೆ ಮಾಲೀಕ್ರು ಬಾಲ ಬಿಚ್ಚಂಗಿಲ್ಲ. ನಮಗ ಕಾವಲು ಸಿಕ್ತು" ಅಂದಿರಿ. ಸುಳ್ಳು ಹೇಳಬಾರದು, ಕಾವಲು ಸಿಕ್ಕಿತ್ತು. ಮಾಲೀಕರ ಮನೆಯ ಮದುವೆ ಖರ್ಚು ಕಂಪನಿಯ ಲೆಕ್ಕದಲ್ಲಿ ಬರುವುದು ನಿಂತಿತು. ಡಿವಿಡೆಂಡ್ ಹೇಳಿದ ದಿನ ಬಂತು. ಬೆಲೆ ಏರಿತು. ಆದರೆ ಕಲ್ಯಾಣ ಮಂಟಪದಲ್ಲಿ ಹೋಳಿಗೆ ಊಟ ಹಾಕಿ ಮಾಡುತ್ತಿದ್ದ ವಾರ್ಷಿಕ ಸಭೆ ಕೊರೋನಾದಲ್ಲಿ ವಿಡಿಯೋಗೆ ಹತ್ತಿದ್ದು ಮತ್ತೆ ನೆಲಕ್ಕೆ ಇಳಿಯಲಿಲ್ಲ. ಫಂಡ್‌ನವರಿಗೆ ಹೋಳಿಗೆ ಬೇಕಿರಲಿಲ್ಲ, ಮಾಲೀಕರಿಗೆ ಪ್ರಶ್ನೆ ಬೇಕಿರಲಿಲ್ಲ. ಅಲ್ಲಿಗೆ ಇಬ್ಬರಿಗೂ ಸರಿಹೋಯಿತು.

ಕಂಪನಿಯನ್ನು ಮಾರುಕಟ್ಟೆಯಿಂದ ಹೊರಗೆ ತಗೊಂಡು ಹೋಗಲು ಒಪ್ಪಿಗೆ ಕೇಳಿದ ಆ ವಿಶೇಷ ಸಭೆಯ ದಿನ ನೆನಪಿದೆಯಾ ಅಜ್ಜ? ನಾನು ಆಗ ಪಿಯುಸಿ ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ನೀವು ಕೋಟು ಹಾಕಿಕೊಂಡು, ಅಮ್ಮನ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಂಡು ಕೂತಿರಿ. ಮಾತಾಡಲು ಹೆಸರು ಕೊಟ್ಟಿದ್ದಿರಿ. ನಿಮ್ಮ ಸರದಿ ಬಂದಾಗ ನಾನು ಹಾಳೆಯಲ್ಲಿ "ಈಗ ನೀವು" ಅಂತ ದೊಡ್ಡದಾಗಿ ಬರೆದು ತೋರಿಸಿದೆ. ನೀವು ಪರದೆಯ ಮೇಲಿನ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, "ದೊಡ್ಡೋರು ಇನ್ನ ಬಂದಿಲ್ಲ, ತಡೀರಿ. ಅವ್ರ ಎದುರಿಗೇ ಕೇಳ್ಬೇಕು" ಅಂದಿರಿ. ಆ ಕಡೆ ಇದ್ದ ಹೆಂಗಸು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳಿ ಮುಂದಿನವರನ್ನು ಕರೆದಳು. ಸ್ವಲ್ಪ ಹೊತ್ತಿಗೆ ಸಭೆಯೇ ಮುಗಿಯಿತು. ನೀವು ಕೋಟು ಬಿಚ್ಚದೆ ಹಾಗೇ ಕೂತಿದ್ದಿರಿ, ಬಸ್ಸು ತಪ್ಪಿಸಿಕೊಂಡವರ ಹಾಗೆ.

ಅವರು ತಡವಾಗಿರಲಿಲ್ಲ ಅಜ್ಜ. ಅವರು ಬರುವವರೇ ಅಲ್ಲ. ಸಭೆಗೆ ಮೊದಲೇ ಕಂಪ್ಯೂಟರಿನಲ್ಲಿ ಓಟು ಹಾಕಿ ಮುಗಿಸಿರುತ್ತಾರೆ. ನಾನು ಪಕ್ಕದಲ್ಲೇ ಇದ್ದೆ, ನನಗೂ ಗೊತ್ತಿರಲಿಲ್ಲ. ಈಗ ಬಿ.ಕಾಂ. ಸೇರಿ ಗೊತ್ತಾಯಿತು. ಈಗ ಗೊತ್ತಾಗಿ ಏನು ಉಪಯೋಗ?

ಲೆಕ್ಕ ಹೀಗಿತ್ತು. ಕಂಪನಿಯನ್ನು ನೂರು ಮೂಟೆ ಅಂದುಕೊಳ್ಳಿ. ಅರವತ್ತೊಂದು ಮಾಲೀಕರದ್ದು. ಮೂವತ್ತು ಆ ಮೂರು ದೊಡ್ಡವರದ್ದು. ನೀವು, ಮೂಕಮ್ಮ, ಮೇಷ್ಟ್ರು, ನಮ್ಮ ಎರಡು ತಾಲೂಕಿನವರು, ಬೇರೆ ಊರುಗಳ ಬಿಡಿ ಜನ ಎಲ್ಲ ಸೇರಿ ಒಂಬತ್ತು. ಹೊರಗೆ ಹೋಗಬೇಕಾದರೆ ಮಾಲೀಕರನ್ನು ಬಿಟ್ಟು ಉಳಿದವರ ಓಟಿನಲ್ಲಿ, ಬೇಡ ಅನ್ನುವವರ ಎರಡರಷ್ಟಾದರೂ ಬೇಕು ಅನ್ನುವವರಿರಬೇಕು. ಕೇಳುವುದಕ್ಕೆ ಚೆನ್ನಾಗಿದೆ, ಸಣ್ಣವರಿಗಾಗಿಯೇ ಮಾಡಿದ ನಿಯಮದ ಹಾಗಿದೆ. ಆದರೆ ಒಂಬತ್ತಕ್ಕೆ ಒಂಬತ್ತೂ ಬೇಡ ಅಂದರೂ ಅದರ ಎರಡರಷ್ಟು ಹದಿನೆಂಟು. ಅವರ ಹತ್ತಿರ ಮೂವತ್ತಿತ್ತು. ಆಮೇಲಿನ ನಿಯಮ, ಮಾಲೀಕರ ಕೈಗೆ ತೊಂಬತ್ತು ಮೂಟೆ ಸೇರಬೇಕು. ದೊಡ್ಡವರು ತಮ್ಮದನ್ನೆಲ್ಲ ಮಾಲೀಕರಿಗೇ ಮಾರಿದರು, ಅರವತ್ತೊಂದಕ್ಕೆ ಮೂವತ್ತು ಕೂಡಿಸಿ, ತೊಂಬತ್ತೊಂದು. ನಮ್ಮ ಒಂಬತ್ತನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ನಾವು ತಡೆದು ನಿಂತಿದ್ದೇವೆ ಅನ್ನುವುದು ಅವರಿಗೆ ಗೊತ್ತೂ ಇಲ್ಲ.

ನಾನು ಸುಮ್ಮನಿರಲಿಲ್ಲ. ಕಾಮರ್ಸ್ ಹೇಳಿಕೊಡುವ ಮಲ್ಲೇಶಪ್ಪ ಸರ್ ಹತ್ತಿರ ಹೋಗಿ, ಇದು ಮೋಸ ಅಲ್ವಾ ಸರ್ ಅಂದೆ. ಕೇಳುವಾಗ ನನ್ನ ಧ್ವನಿ ನಡುಗಿ ಪಕ್ಕದ ಹುಡುಗಿಯರು ನಕ್ಕರು. ಅವರು ಕನ್ನಡಕ ಒರೆಸಿಕೊಂಡು, "ಮೋಸ ಎಲ್ಲಿದೆ ತೋರ್ಸಮ್ಮ. ಸಿಕ್ಕ ಬೆಲೆ ಚೆನ್ನಾಗಿತ್ತು, ಮಾರಿದ್ರು. ನಿಮ್ಮ ಅಜ್ಜನಿಗೂ ಅದೇ ಬೆಲೆ ಕೊಡ್ತೀವಿ ಅಂದ್ರಲ್ಲ. ಷೇರಿಗೊಂದು ಓಟು, ತಲೆಗೊಂದಲ್ಲ. ಫಂಡ್‌ನವರು ಉತ್ತರ ಕೊಡಬೇಕಾದ್ದು ಅವರಿಗೆ ದುಡ್ಡು ಕಟ್ಟಿರೋರಿಗೆ, ನಿಮ್ಮ ಅಜ್ಜನಿಗಲ್ಲ" ಅಂದರು. ಒಂದು ಮಾತೂ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಯಾರಾದರೂ ಮೋಸ ಮಾಡಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಫಂಡ್‌ನವರು ಯಾವ ಕಂಪನಿಯಲ್ಲಿ ಯಾಕೆ ಹಾಗೆ ಓಟು ಹಾಕಿದೆವು ಅಂತ ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕಂತೆ. ಹುಡುಕಿ ತೆಗೆದೆ. ಅಷ್ಟುದ್ದ ಪಟ್ಟಿ, ನಮ್ಮ ಕುಮುದ್ವತಿ ಅದರಲ್ಲಿ ಒಂದು ಸಾಲು. ಎದುರಿಗೆ ಕಾರಣ: ಹೂಡಿಕೆದಾರರಿಗೆ ನ್ಯಾಯವಾದ ಬೆಲೆಯಲ್ಲಿ ಹೊರಬರಲು ಅವಕಾಶ. ಮುಗಿಯಿತು. ಮಂಟಪದಲ್ಲಿ ನೀವು ವರ್ಷ ವರ್ಷ ಎದ್ದು ನಿಂತು ಕೇಳುತ್ತಿದ್ದ ಪ್ರಶ್ನೆ, ಫ್ಯಾಕ್ಟರಿ ಇಲ್ಲೇ ಇರುತ್ತದಾ, ಇಲ್ಲಿನ ಜೋಳವನ್ನೇ ಕೊಳ್ಳುತ್ತದಾ ಅನ್ನುವುದು, ಆ ಸಾಲಿನಲ್ಲಿ ಎಲ್ಲೂ ಇಲ್ಲ. ಇನ್ನೊಂದು ಹೇಳಿಬಿಡುತ್ತೇನೆ, ಅಪ್ಪನ ಮೇಲೆ ಕೂಗಾಡಬೇಡಿ. ನನ್ನ ಓದಿಗೆ ಅಂತ ಅಪ್ಪ ತಿಂಗಳು ತಿಂಗಳು ಕಟ್ಟುವ ಮ್ಯೂಚುವಲ್ ಫಂಡ್ ಇದೆಯಲ್ಲ, ಅದು ಆ ಎರಡರಲ್ಲಿ ಒಂದು. ಅವರ ಮೂವತ್ತು ಮೂಟೆಯಲ್ಲಿ ನಾಲ್ಕು ಕಾಳಾದರೂ ನನ್ನ ಫೀಸಿನದು. ನೀವು ಡಬ್ಬಿಯ ಎದುರು ಕೂತು ಕಾಯುತ್ತಿದ್ದಿರಲ್ಲ, ಆ ದೊಡ್ಡವರಲ್ಲಿ ನಾನೂ ಒಬ್ಬಳು. ಅಪ್ಪನಿಗೂ ಇದು ಗೊತ್ತಿಲ್ಲ. ಗೊತ್ತಾಗುವ ದಾರಿಯೇ ಇಲ್ಲ, ಯಾರೂ ಅವರನ್ನು ಕೇಳಿ ಓಟು ಹಾಕಿದ್ದಲ್ಲ.

ಈಗ ಇಲ್ಲಿನ ಸಂಗತಿ. ನಾನು ಇಲ್ಲಿ ಕಾಲೇಜು ಸೇರಿದ್ದು ಊರಿಗೆಲ್ಲ ಗೊತ್ತಾಗಿ, ಭಾನುವಾರ ಭೇಟಿಯ ಹೊತ್ತಿಗೆ ಯಾರಾದರೊಬ್ಬರು ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ವಾರ್ಡನ್ ಕೇಳುತ್ತಾರೆ, ಎಷ್ಟು ಜನ ಅಜ್ಜ ಅಜ್ಜಿ ಇದ್ದಾರೆ ನಿನಗೆ ಅಂತ. ಮೂಕಮ್ಮ ಮೊದಲು ಬಂದದ್ದು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು, "ಉಣ್ಣವ್ವ, ಹಾಸ್ಟೆಲ್ ಕೂಳು ತಿಂದು ಕಡ್ಡಿ ಆಗೀಯ" ಅಂದಳು. ಆಮೇಲೆ ದನಿ ಇಳಿಸಿ, "ನಿಮ್ಮಜ್ಜ ನನ್ ಕೈ ಹಿಡ್ದಾನ, ಕಾಗ್ದ ಹಿಡ್ದಿಲ್ಲ. ಹಂಗಂತ ಷೇರು ಮಾರಿ ನಾ ಅವನ ಮಖ ಹೆಂಗ್ ನೋಡ್ಲಿ? ಎಮ್ಮಿ ಕೊಟ್ಟಿಗಿಗೆ ಕಲ್ಲು ಹಾಸ್ಬೇಕು, ಹೋದ ಮಳಿಗಾಲ್ದಾಗ ಎಮ್ಮಿ ಜಾರಿ ಬಿದ್ದು ಕಾಲು ಮುರ್ಕಂತು. ಇದನ್ನ ನಿಮ್ಮಜ್ಜಗ ಹೇಳಬ್ಯಾಡ ಮತ್ತ" ಅಂದಳು. ಹೇಳಬೇಡ ಅಂದದ್ದನ್ನೇ ಬರೆಯುತ್ತಿದ್ದೇನೆ, ನೋಡಿ.

ಗೋಪಾಲಪ್ಪ ಮೇಷ್ಟ್ರು ಎರಡು ತಿಂಗಳಿಂದ ಮನೆಗೆ ಬಂದಿಲ್ಲ, ಮಂಡಿನೋವು ಜಾಸ್ತಿಯಾಗಿರಬೇಕು ಅಂತ ನೀವು ಅಮ್ಮನ ಹತ್ತಿರ ಪೇಚಾಡಿದಿರಂತೆ. ಮಂಡಿ ಚೆನ್ನಾಗಿದೆ. ಕುಬಟೂರಿನಿಂದ ಸೊರಬದ ಸಂತೆಗೆ ವಾರ ವಾರ ಬರುತ್ತಾರೆ. ನಮ್ಮ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರೆ. ಅವರೇ ನನಗೆ ಹೇಳಿದ್ದು: "ಎಂತ ಮಾಡದು ಮಾರಾಯ್ತಿ. ನಿಮ್ಮಜ್ಜ ನಾಗರಾಜಪ್ಪ ಕಾಫಿ ಕುಡಿ ಅಂತಾರೆ. ಕೂತ್ರೆ ಷೇರಿನ ಮಾತು ಬರ್ತದೆ. ಬಂದ್ರೆ ನಂಗೆ ಸುಳ್ಳು ಹೇಳಕ್ಕೆ ಬರದಿಲ್ಲ." ನಲವತ್ತು ವರ್ಷದ ಸ್ನೇಹ ಅಜ್ಜ, ಸಂತೆ ಚೀಲ ಹಿಡಿದುಕೊಂಡು ನಿಮ್ಮನ್ನು ತಪ್ಪಿಸಿಕೊಂಡು ಓಡಾಡುತ್ತಿದೆ.

ಒಂದು ದಿನ ತಡವಾಗಿ ಬರುವ ಆ ಬಿಸಿನೆಸ್ ಪೇಪರನ್ನು ನೀವು ಇನ್ನೂ ಭೂತಗನ್ನಡಿ ಹಿಡಿದು ನೋಡುತ್ತೀರಿ ಅಂತ ಅಮ್ಮ ಹೇಳಿದಳು. ಷೇರು ಬೆಲೆಯ ಪಟ್ಟಿಯಲ್ಲಿ ಕುಮುದ್ವತಿಯ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಸರಿಪಡಿಸಿ ಅಂತ ಪೇಪರಿನವರಿಗೆ ಕಾರ್ಡ್ ಕೂಡ ಹಾಕಿದಿರಂತೆ. ಅದನ್ನು ಕೇಳಿ ಅಮ್ಮನ ಜೊತೆ ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀವು ದಡ್ಡರಲ್ಲ ಅಂತ ನನಗೆ ಗೊತ್ತು. ಹೆಸರು ಯಾಕಿಲ್ಲ ಅಂತ ನಿಮಗೂ ಗೊತ್ತು. ಗೊತ್ತಿದ್ದೂ ಕಾರ್ಡ್ ಹಾಕಿದಿರಿ.

ನಿಮಗೆ ಮಾರಿ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಎಲ್ಲರೂ ಕೂಡೇ ನಿಲ್ಲಬೇಕು ಅಂತ ನೀವು ಮಾತು ತಗೊಂಡದ್ದು ಅವರಿಗೆ ಒಳ್ಳೆಯದಾಗಲಿ ಅಂತಲ್ಲವೇ? ಈಗ ಆ ಮಾತಿನಿಂದ ನಷ್ಟವಾಗುವುದು ಅವರಿಗೆ ಮಾತ್ರ. ದೊಡ್ಡವರಿಗೆ ಏನೂ ಆಗುವುದಿಲ್ಲ. ಅವರು ಒಟ್ಟಿಗೆ ಬಂದರು, ಒಟ್ಟಿಗೆ ಹೋದರು, ಯಾರ ಕೈಯನ್ನೂ ಹಿಡಿದಿರಲಿಲ್ಲ. ಮಾತಿಗೆ ನಿಂತವರು ನೀವುಗಳು. ಅದಕ್ಕೇ ಇಲ್ಲಿ ಉಳಿದಿದ್ದೀರಿ.

ಒಂದು ಚೀಟಿ ಬರೆದುಕೊಡಿ ಸಾಕು. "ನಾನು ಹಿಡಿದ ಮಾತು ಬಿಟ್ಟೆ. ಅವರವರ ಷೇರು ಅವರವರ ಇಷ್ಟ." ಕೆಳಗೆ ನಿಮ್ಮ ಸಹಿ, ನಾಗರಾಜಪ್ಪ ಅಂತ. ಅಮ್ಮನ ಕೈಲಿ ಫೋಟೋ ಹಿಡಿಸಿ ಕಳಿಸಬೇಡಿ. ಕಾಗದವೇ ಬರಲಿ, ಮೂಕಮ್ಮನಿಗೆ ಓದಲು ಬರದಿದ್ದರೂ ನಿಮ್ಮ ಸಹಿಯ ಸುರುಳಿ ಗುರುತಿದೆ. ಶಿರಾಳಕೊಪ್ಪದ ಮೇಲೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರೆ ಹಾಸ್ಟೆಲ್ ಗೇಟಿಗೆ ತಲುಪಿಸುತ್ತಾರೆ. ಪ್ಲೀಸ್ ಅಜ್ಜ. ಕಂಪನಿಯ ಮುಂದೆ ನೀವು ಸೋತಿರಿ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೆ ನನ್ನ ಹತ್ತಿರ ಕಳಿಸಿ, ಧ್ವನಿ ನಡುಗಿದರೂ ಉತ್ತರ ಕೊಡುತ್ತೇನೆ.

ಅಮ್ಮನಿಗೆ ನನ್ನ ಸ್ವೆಟರ್ ಕಳಿಸಲು ಹೇಳಿ.

ನಿಮ್ಮ ಮೇಲೆ ಮುನಿಸಿಕೊಂಡರೂ ನಿಮ್ಮ ಕಡೆಯವಳೇ ಆದ
ಧನ್ಯಾ

ಮತ್ತೆ: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಆಗಲಿಲ್ಲ, ಹರಿದ ಎರಡು ಹಾಳೆಯಲ್ಲೂ ಇಲ್ಲಿಗೇ ಬಂದು ನಿಂತಿದ್ದೆ. ಅವರೆಲ್ಲ ಆಗಲೇ ಮಾರಿದ್ದಾರೆ ಅಜ್ಜ. ಫಾರ್ಮು ಇಂಗ್ಲಿಷಿನಲ್ಲಿತ್ತು, ಅದಕ್ಕೇ ಒಬ್ಬೊಬ್ಬರಾಗಿ ಬೇರೆ ಬೇರೆ ಭಾನುವಾರ ನನ್ನ ಹತ್ತಿರ ಬಂದದ್ದು. ಆ ಬೆಂಚಿನ ಮೇಲೆ ಕೂತು ನಾನೇ ತುಂಬಿದೆ, ನಾನೇ ಪೋಸ್ಟ್ ಮಾಡಿದೆ. ಮೂಕಮ್ಮ ಗಣೇಶನ ಹಬ್ಬದ ಮುಂಚೆ, ಮೇಷ್ಟ್ರು ದಸರಾ ಕಳೆದ ಮೇಲೆ, ಲೋಕಪ್ಪ ಕೊನೆಗೆ. ಪ್ರತಿಯೊಬ್ಬರೂ ಹೇಳಿದ್ದು ಒಂದೇ, "ಉಳಿದೋರಿಗೆ ಗೊತ್ತಾಗ್ಬಾರ್ದು, ನಾನೊಬ್ನೇ ಮಾತು ಮುರ್ದಂಗಾತು" ಅಂತ. ತಾವೊಬ್ಬರೇ ಕಳ್ಳರು ಅಂದುಕೊಂಡು ಎಲ್ಲರೂ ಎಲ್ಲರಿಂದ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ. ಕೈ ಕೊಟ್ಟವರಲ್ಲಿ ಈಗ ಆ ಷೇರು ಇಟ್ಟುಕೊಂಡಿರುವವರು ನೀವೊಬ್ಬರೇ. ಚೀಟಿ ಬಂದರೆ ಎಲ್ಲರಿಗೂ ತೋರಿಸುತ್ತೇನೆ. ತಾರೀಖು ಮಾತ್ರ ಹಾಕಬೇಡಿ, ಅವರು ಮಾರುವ ಮೊದಲೇ ನೀವು ಮಾತು ಬಿಟ್ಟಿದ್ದಿರಿ ಅಂತಾಗಲಿ.